ಚಳಿಗಾಲಕ್ಕೊಂದು ಜೊತೆ ಟೈರ್

ಸ್ಕೂಟರಿಗೆ ಟೈರ್ ಹಾಕಿಸುವುದು ಬೇರೆಯವರಿಗೆ ಅರ್ಧ ಗಂಟೆಯ ಕೆಲಸ. ನನಗೆ ಮಾತ್ರ ಅದರಲ್ಲೂ ಏನಾದರೊಂದು ಆಗಿಯೇ ಆಗುತ್ತದೆ. ಸದ್ಯ, ಎಲ್ಲ ಸರಿಹೋಯಿತು ಎಂದು ಕೈ ಒರೆಸಿಕೊಳ್ಳುವ ಹೊತ್ತಿಗೆ ಎದೆ ಧಸಕ್ಕೆನ್ನುವ ಸುದ್ದಿಯೊಂದು ಬಂದು ಎದುರಿಗೆ ನಿಲ್ಲುತ್ತದೆ. ಆಸ್ಟ್ರೇಲಿಯಾಕ್ಕೆ ಬಂದು ಹತ್ತು ವರ್ಷವಾಯಿತು. ಇಲ್ಲಿ ಜೂನ್ ತಿಂಗಳಿಗೆ ಚಳಿಗಾಲ ಶುರುವಾಗುತ್ತದೆ ಎನ್ನುವುದಕ್ಕೇ ನಾನಿನ್ನೂ ಒಗ್ಗಿಕೊಂಡಿಲ್ಲ, ಇನ್ನು ಟೈರಿನ ಮಾತೆಲ್ಲಿ.

ದಾವಣಗೆರೆಯಲ್ಲಿ ಕಾಲೇಜಿಗೆ ಹೋಗುವಾಗಿನಿಂದ ಸ್ಕೂಟರ್ ಓಡಿಸಿದವನು ನಾನು. ಈಗ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಒಂದು ಬ್ಯಾಂಕಿನ ಐಟಿ ವಿಭಾಗದಲ್ಲಿದ್ದೇನೆ. ದಿನವಿಡೀ ಮೀಟಿಂಗು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಸ್ಕೂಟರ್ ಮೇಲೆ ಕೂತಾಗ ಮಾತ್ರ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಆ ಒಂದು ಗಂಟೆ ಕೈತಪ್ಪಿದರೆ ನನಗೆ ನಿಜವಾಗಿಯೂ ದುಃಖವಾಗುತ್ತದೆ. ಅದು ಕೈತಪ್ಪುವ ಹಂತಕ್ಕೆ ಹೇಗೆ ಬಂತು ಎನ್ನುವುದನ್ನು ಮೊದಲಿನಿಂದಲೇ ಹೇಳಬೇಕು.

೧. ಟೈರಿಗೆ ಹೊದಿಕೆ

ಮೂರು ವರ್ಷದ ಹಿಂದೆ ನಾವು ಸಿಡ್ನಿಯ ಗಿರಾವೀನ್‌ನಲ್ಲಿದ್ದೆವು. ಆಫೀಸು ಹತ್ತಿರದ ಪ್ಯಾರಮಟ್ಟಾದಲ್ಲಿ. ಪಕ್ಕದ ಬೀದಿಯಲ್ಲಿದ್ದ ಕನ್ನಡದವರೊಬ್ಬರು ತಮ್ಮ ಸ್ಕೂಟರ್ ಮಾರುತ್ತಿದ್ದಾರೆಂದು ತಿಳಿದು ನೋಡಲು ಹೋದೆ. ಅವರು ಕುಕ್ಕರುಗಾಲಲ್ಲಿ ಕೂತು ಟೈರಿನ ಗೆರೆಗಳಲ್ಲಿ ಬೆರಳಾಡಿಸಿ, "ನೋಡಿ ಸಾರ್, ಒಂದೂ ಗೆರೆ ಸವೆದಿಲ್ಲ, ಹೊಸದು ಅಂದ್ಕೊಳ್ಳಿ" ಅಂದರು. ನಾನೂ ಬೆರಳಾಡಿಸಿದೆ. ಸವೆದಿರಲಿಲ್ಲ. ಅಲ್ಲೇ ಮಾತು ಮುಗಿಸಿದೆ.

ಮೊದಲ ಚಳಿಗಾಲದಲ್ಲೇ ತಿರುವುಗಳಲ್ಲಿ ಹಿಂದಿನ ಚಕ್ರ ಸಣ್ಣಗೆ ಜಾರತೊಡಗಿತು. ಚಳಿಗೆ ರಬ್ಬರ್ ಬಿರುಸಾಗುತ್ತದೆ, ಬೆಚ್ಚಗಿದ್ದರೆ ಹಿಡಿತ ಸಿಗುತ್ತದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಮನೆಗೆ ಬಂದು ಬೈಕ್ ರೇಸಿನ ವಿಡಿಯೋ ನೋಡಿದರೆ ಅದು ನಿಜ. ರೇಸಿಗೆ ಮುಂಚೆ ಚಕ್ರಗಳಿಗೆ ಕರೆಂಟಿನ ಹೊದಿಕೆ ಸುತ್ತಿ ಬಿಸಿ ಮಾಡುತ್ತಾರೆ. ನನಗೆ ಆಶ್ಚರ್ಯವಾಯಿತು. ಇಷ್ಟೇ ತಾನೇ, ನಮ್ಮ ಮನೆಯಲ್ಲೂ ಒಂದು ಎಲೆಕ್ಟ್ರಿಕ್ ಬ್ಲಾಂಕೆಟ್ ಹೆಚ್ಚಿಗೆ ಇದೆಯಲ್ಲ ಅನ್ನಿಸಿತು. ಮುಂದಿನ ರೂಮಿನ ಕಪಾಟಿನಿಂದ ಅದನ್ನು ತೆಗೆದು ಹಿಂದಿನ ಚಕ್ರಕ್ಕೆ ಸುತ್ತಿ, ಮುಂದಿನ ಚಕ್ರಕ್ಕೆ ಒಂದು ದಪ್ಪ ರಗ್ಗು ಕಟ್ಟಿ, ಬೆಳಗಿನ ಐದಕ್ಕೆ ಟೈಮರ್ ಇಟ್ಟೆ.

ಆ ದಿನಗಳಲ್ಲಿ ನನ್ನ ಹೆಂಡತಿಯ ತಮ್ಮ ಮೈಸೂರಿನಿಂದ ಬಂದು ನಮ್ಮ ಜೊತೆ ಒಂದು ತಿಂಗಳು ಇದ್ದ. ಸಿಡ್ನಿಯ ಮನೆಗಳು ಚಳಿಗಾಲದಲ್ಲಿ ಹೊರಗಿಗಿಂತ ಒಳಗೇ ಹೆಚ್ಚು ತಣ್ಣಗಿರುತ್ತವೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ತಂದಿದ್ದ ಅಂಗಿಗಳನ್ನೆಲ್ಲ ಒಂದರ ಮೇಲೊಂದು ತೊಟ್ಟು, ತಲೆಗೆ ಟವಲು ಸುತ್ತಿ ಸೋಫಾದಲ್ಲಿ ಮುದುಡಿ ಕೂತಿದ್ದಾನೆ. ನಿನಗೆ ಅಂತ ಕಪಾಟಲ್ಲಿ ಬ್ಲಾಂಕೆಟ್ ಇಟ್ಟಿದ್ದೆನಲ್ಲ ಎಂದು ಅವನ ಅಕ್ಕ ಕೇಳಿದಳು. ಕಪಾಟು ಖಾಲಿಯಿತ್ತು ಅಂದ. ನಾನು ಕಾಫಿ ಲೋಟದೊಳಗೇ ನೋಡುತ್ತಾ ಕೂತೆ.

ಅಕ್ಕ ತಮ್ಮ ಇಬ್ಬರೂ ಹುಡುಕುತ್ತಾ ಗ್ಯಾರೇಜಿಗೆ ಹೋದರು. ನಾನು ಮೆಲ್ಲಗೆ ಹಿಂದೆ ಹೋಗಿ ಬಾಗಿಲ ಸಂದಿಯಿಂದ ಇಣುಕಿದೆ. ನನ್ನ ಭಾವಮೈದುನ ಟೈರಿನ ಮೇಲೆ ಎರಡೂ ಕೈ ಇಟ್ಟುಕೊಂಡು ಹೇಳಿದ್ದು ಕೇಳಿಸಿತು: "ಅಕ್ಕಾ, ಎಷ್ಟು ಬೆಚ್ಚಗಿದೆ ಕಣೆ. ಇವತ್ತಿಂದ ನಾನು ಇಲ್ಲೇ ಮಲಗ್ತೀನಿ, ಭಾವನಿಗೆ ಹೇಳು."

೨. ಟೈರಿನ ಜಾತಕ

ಕಳೆದ ವರ್ಷ ಮೆಲ್ಬರ್ನ್‌ಗೆ ಬಂದೆವು. ಸ್ಕೂಟರ್ ನಮ್ಮ ಹಿಂದೆಯೇ ಲಾರಿಯಲ್ಲಿ ಬಂತು. ಇಲ್ಲಿನ ಚಳಿಗಾಲಕ್ಕೆ ಹೇಳುವವರು ಕೇಳುವವರು ಇಲ್ಲ. ತಿಂಡಿಯ ಹೊತ್ತಿಗೆ ಬಿಸಿಲು, ಮನೆ ಬಿಡುವ ಹೊತ್ತಿಗೆ ಮಳೆ. ರಸ್ತೆಯ ಮಧ್ಯೆ ಟ್ರಾಮ್ ಹಳಿ ಬೇರೆ.

ಜುಲೈ ತಿಂಗಳ ಒಂದು ಬೆಳಿಗ್ಗೆ ಆಫೀಸಿನ ಹತ್ತಿರ ಒದ್ದೆಯಾಗಿದ್ದ ಹಳಿ ದಾಟಿದೆ. ದಾಟಿದೆ ಅಂದುಕೊಂಡೆ. ಕಣ್ಣು ಬಿಟ್ಟರೆ ನಾನು ರಸ್ತೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದೆ, ಸ್ಕೂಟರ್ ಆರಡಿ ಆಚೆ ಮಲಗಿತ್ತು. ಹಿಂದೆ ಬಂದ ಟ್ರಾಮ್ ನಿಂತು ಗಂಟೆ ಬಾರಿಸಿತು. ಅದರಿಂದ ಇಳಿದು ಓಡಿಬಂದವರು ನನ್ನ ಮ್ಯಾನೇಜರ್. ಏನೂ ಆಗಿಲ್ಲವಷ್ಟೇ ಎಂದು ವಿಚಾರಿಸಿ, ಹಾಗಾದರೆ ಒಂಬತ್ತರ ಮೀಟಿಂಗಿಗೆ ಬರಬಹುದಲ್ಲ ಎಂದು ಕೇಳಿದರು.

ಅಂಗೈ ತರಚಿದ್ದು, ಪ್ಯಾಂಟು ಹರಿದದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಸಂಜೆ ಹೆಂಡತಿ ಬೈಯಲಿಲ್ಲ, ಅದೇ ನನಗೆ ಭಯ. ಗಾಯಕ್ಕೆ ಔಷಧಿ ಹಚ್ಚುತ್ತಾ ತಣ್ಣಗೆ ತೀರ್ಪು ಕೊಟ್ಟಳು.

"ಈ ಚಳಿಗಾಲ ಮುಗಿಯೋದ್ರೊಳಗೆ ಇನ್ನೊಂದು ಸಲ ಬಿದ್ರೆ ಸ್ಕೂಟರ್ ಮಾರಿಬಿಡೋದು. ಯಾಕೆ ಬಿದ್ರಿ, ಹೇಗೆ ಬಿದ್ರಿ ಅಂತ ನಾನು ಕಾರಣ ಕೇಳಲ್ಲ."

ಒಪ್ಪಿಕೊಂಡೆ. ಒಪ್ಪದೆ ಬೇರೆ ದಾರಿಯೇನಿತ್ತು.

ಮರುದಿನ ಟೈರ್ ಅಂಗಡಿಗೆ ಹೋದೆ. ಅಂಗಡಿಯವನದು ದೊಡ್ಡ ಮೀಸೆ, ಸಣ್ಣ ಮಾತು. ಟೈರ್ ಚೆನ್ನಾಗಿಯೇ ಇದೆ, ನಿಮ್ಮ ರಸ್ತೆಯೇ ಸರಿಯಿಲ್ಲ ಎಂದು ನಾನು ಶುರು ಮಾಡಿದೆ. ಅವನು ಟೈರಿನ ಪಕ್ಕೆಯನ್ನು ಬಟ್ಟೆಯಿಂದ ಒರೆಸಿ, ಟಾರ್ಚ್ ಬಿಟ್ಟು ನಾಲ್ಕು ಅಂಕೆ ತೋರಿಸಿದ. ಮೊದಲೆರಡು, ಟೈರ್ ತಯಾರಾದ ವಾರ. ಕೊನೆಯೆರಡು, ವರ್ಷ. ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಹನ್ನೊಂದು ವರ್ಷ. ನನ್ನ ಮಗಳಿಗೆ ಒಂಬತ್ತು. ನಾನು ಈ ದೇಶಕ್ಕೆ ಬರುವ ಮೊದಲೇ ಹುಟ್ಟಿದ್ದ ಟೈರನ್ನು ಹೊಸದು ಅಂದುಕೊಂಡು, ಅದಕ್ಕೆ ಹೊದಿಕೆ ಹೊದಿಸಿ ಓಡಿಸಿದ್ದೆ. ಅವನು ಉಗುರಿನಿಂದ ಒತ್ತಿ ತೋರಿಸಿದ. ಒಣಕೊಬ್ಬರಿಗಿಂತ ಗಟ್ಟಿ. ಗೆರೆ ಎಷ್ಟಿದ್ದರೇನು, ವಯಸ್ಸಾದ ರಬ್ಬರ್ ಚಳಿಯಲ್ಲಿ ಕಲ್ಲಾಗುತ್ತದೆ, ಒದ್ದೆ ಹಳಿಯ ಮೇಲೆ ನಿಲ್ಲುವುದೇ ಇಲ್ಲವಂತೆ.

ಅಲ್ಲೇ ನಿಂತು, ಸ್ಕೂಟರ್ ಮಾರಿದ್ದ ಗಿರಾವೀನ್‌ನ ಪುಣ್ಯಾತ್ಮರಿಗೆ ಫೋನ್ ಮಾಡಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ.

"ಗೆರೆ ಸವೆದಿಲ್ಲ ಅಂದೆ, ಸುಳ್ಳಾ ಸಾರ್? ಓಡಿಸಿದ್ರೆ ತಾನೇ ಸವೆಯೋದು. ನನಗೆ ಜಾರ್ತಿತ್ತು, ಭಯ ಆಗ್ತಿತ್ತು. ಅದಕ್ಕೇ ಅಲ್ವಾ ನಿಮಗೆ ಕೊಟ್ಟಿದ್ದು."

೩. ಕಿಟಕಿ ಪಕ್ಕದ ಪಂಡಿತರು

ಅಂಗಡಿಯವನು ಎರಡು ಜಾತಿಯ ಟೈರ್ ತೋರಿಸಿದ. ಒಂದು ಗಟ್ಟಿ, ಬಹಳ ದಿನ ಬಾಳುತ್ತದೆ. ಇನ್ನೊಂದು ಮೆತ್ತನೆಯ ರಬ್ಬರಿನದು, ಆಳವಾದ ಗೆರೆಗಳಿವೆ, ಚಳಿ ಮಳೆಗೆ ಹೇಳಿ ಮಾಡಿಸಿದ್ದು, ಆದರೆ ಬೇಗ ಸವೆಯುತ್ತದೆ. ಯೋಚಿಸಿ ಬಾ ಅಂದ. ಯೋಚಿಸುವುದು ಎಂದರೆ ನಮ್ಮವರ ಪಾಲಿಗೆ ವಾಟ್ಸಾಪ್ ಗ್ರೂಪಿಗೆ ಹಾಕುವುದು. ಹಾಕಿದೆ.

ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಉತ್ತರಗಳ ಸುರಿಮಳೆ. ಒಬ್ಬರು, ಗಟ್ಟಿಯದೇ ಹಾಕಿಸಿ, ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಅಂದರು. ಮೊಮ್ಮಕ್ಕಳ ಕಾಲಕ್ಕೂ ಬರುವಂಥ ಟೈರ್ ಮೇಲೆ ಕೂತೇ ನಾನು ಬಿದ್ದದ್ದು ಎಂದು ಅವರಿಗೆ ಹೇಗೆ ಹೇಳುವುದು. ಇನ್ನೊಬ್ಬರು ಗಾಳಿ ಅರ್ಧಕ್ಕೆ ಇಳಿಸಿ ಅಂದರು, ಮತ್ತೊಬ್ಬರು ಪೂರ್ತಿ ಏರಿಸಿ ಅಂದರು. ಆಮೇಲೆ ಆ ಇಬ್ಬರೂ ನನ್ನನ್ನು ಬಿಟ್ಟು ತಮ್ಮತಮ್ಮಲ್ಲೇ ಜಗಳಕ್ಕೆ ನಿಂತರು.

ಕೊನೆಗೆ ಸಿಡ್ನಿಯ ಹಿರಿಯರೊಬ್ಬರು ದೊಡ್ಡದೊಂದು ವಾಯ್ಸ್ ಮೆಸೇಜ್ ಕಳಿಸಿದರು. ಅವರ ದನಿಯಲ್ಲಿ ಎಂಥ ಅಧಿಕಾರವೆಂದರೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳಿಸಿಕೊಂಡೆ. ಚಳಿಗಾಲ ಅಂದ ಮೇಲೆ ಚಕ್ರಕ್ಕೆ ಸರಪಳಿ ಕಡ್ಡಾಯವಂತೆ. ಪೊಲೀಸರು ನಿಲ್ಲಿಸಿ ನೋಡುತ್ತಾರಂತೆ, ಇಲ್ಲದಿದ್ದರೆ ದಂಡವಂತೆ. ನನಗೆ ಗಾಬರಿಯಾಯಿತು. ಇಲ್ಲೇ ನೆಲೆಸುವ ಪಿಆರ್ ವೀಸಾ ಇಟ್ಟುಕೊಂಡು ಇಷ್ಟು ಚಳಿಗಾಲ ಕಾನೂನು ಮುರಿದಿದ್ದೇನಲ್ಲ ಎಂದು ಸಂಜೆಯೇ ಅಂಗಡಿಗೆ ಓಡಿ, ಸ್ಕೂಟರಿಗೆ ಒಂದು ಜೊತೆ ಸರಪಳಿ ಕೊಡು ಅಂದೆ.

ಅಂಗಡಿಯವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಎಲ್ಲಿಗೆ ಹೋಗುವುದಕ್ಕೆ ಎಂದು ಕೇಳಿದ. ಡಾಕ್‌ಲ್ಯಾಂಡ್ಸ್‌ಗೆ ಅಂದೆ. ಅವನು ಒಳಗೆ ಬಿಲ್ ಬರೆಯುತ್ತಿದ್ದ ಹೆಂಡತಿಯನ್ನು ಕರೆದು, ಈಗ ಹೇಳಿದ್ದನ್ನು ಇವಳಿಗೂ ಒಂದು ಸಲ ಹೇಳು ಅಂದ. ಹೇಳಿದೆ. ಇಬ್ಬರೂ ನಗಲಿಲ್ಲ, ಮರ್ಯಾದಸ್ಥರು. ಸರಪಳಿ ಹಿಮದ ಬೆಟ್ಟ ಹತ್ತುವ ಗಾಡಿಗಳಿಗೆ, ನೀನು ಸುಮ್ಮನೆ ಮೆತ್ತನೆಯ ಟೈರ್ ಹಾಕಿಸಿಕೊ ಎಂದು ಬುದ್ಧಿ ಹೇಳಿ ಹಾಕಿಯೂ ಕೊಟ್ಟರು.

ನನಗೆ ಸಿಟ್ಟು ಬಂದಿತ್ತು. ಸಿಡ್ನಿಯ ಹಿರಿಯರಿಗೆ ಫೋನ್ ಮಾಡಿ, ನೀವು ನಿಮ್ಮ ಸ್ಕೂಟರಿಗೆ ಸರಪಳಿ ಎಲ್ಲಿ ಹಾಕಿಸುತ್ತೀರಿ ಎಂದು ಕೇಳಿದೆ.

"ನನಗೆಲ್ಲಿ ಸ್ಕೂಟರ್ ಬರುತ್ತೆ ಸಾರ್. ಹೋದ ವರ್ಷ ಟೂರ್ ಬಸ್ಸಲ್ಲಿ ಹಿಮ ನೋಡೋಕೆ ಹೋಗಿದ್ವಿ, ಆ ಬಸ್ಸಿಗೆ ಹಾಕಿದ್ರು. ನಾನು ಕಿಟಕಿ ಪಕ್ಕ ಕೂತಿದ್ದೆ, ಚೆನ್ನಾಗಿ ನೋಡಿದೀನಿ."

೪. ಅತ್ತೆಯವರ ಪೂಜೆ

ಹೊಸ ಟೈರಿನ ಮೈ ನುಣುಪಾಗಿರುತ್ತದೆ, ಮೊದಲ ನೂರು ಕಿಲೋಮೀಟರ್ ನಿಧಾನ, ಹೊಳಪು ಹೋದಮೇಲೆಯೇ ಪೂರ್ತಿ ಹಿಡಿತ ಎಂದು ಅಂಗಡಿಯವನು ಎಚ್ಚರಿಸಿದ್ದ. ಬಾಣಂತಿಯನ್ನು ಕರೆತರುವ ಹಾಗೆ ಮನೆಗೆ ತಂದೆ. ಶನಿವಾರ ನಾನೇ ಹಿಂದೆ ಕೂತು ನೋಡ್ತೀನಿ, ಆಮೇಲೆ ಮಾತಾಡೋಣ ಎಂದಳು ಹೆಂಡತಿ. ಅಂದರೆ ಶನಿವಾರ ನನಗೆ ಪರೀಕ್ಷೆ.

ಆಗ ನಮ್ಮತ್ತೆ ಮೈಸೂರಿನಿಂದ ಬಂದು ನಮ್ಮ ಮನೆಯಲ್ಲಿದ್ದರು. ಹೊಸ ವಸ್ತು ಪೂಜೆಯಿಲ್ಲದೆ ಹೊಸಿಲು ದಾಟುವುದು ಅವರಿಗೆ ಆಗದ ಮಾತು. ಚಕ್ರದ ಕೆಳಗಿಡುವ ನಿಂಬೆಹಣ್ಣಿಗೆ ಕೊರತೆಯಿರಲಿಲ್ಲ. ಪಕ್ಕದ ಮನೆಯ ಗ್ರೀಕ್ ಅಜ್ಜನ ನಿಂಬೆಮರ ನಮ್ಮ ಬೇಲಿಯ ಮೇಲೇ ಬಾಗಿದೆ. ಅಜ್ಜನಿಗೆ ಮಂಡಿನೋವು. ಬ್ಯಾಟರಿಯಿಂದ ಓಡುವ ನಾಲ್ಕು ಚಕ್ರದ ಸಣ್ಣ ಗಾಡಿಯಲ್ಲಿ ಕೂತು ದಿನಾ ಬೆಳಿಗ್ಗೆ ಬೀದಿಯ ಕೊನೆಯ ಅಂಗಡಿಗೆ ಕಾಫಿಗೆ ಹೋಗುತ್ತಾರೆ. ಅತ್ತೆಗೆ ಇಂಗ್ಲಿಷ್ ಬಾರದು, ಅಜ್ಜನಿಗೂ ಅಷ್ಟಕ್ಕಷ್ಟೇ. ಆದರೂ ಇಬ್ಬರೂ ಬೇಲಿಯ ಹತ್ತಿರ ನಿಂತರೆ ಅರ್ಧ ಗಂಟೆ ಮಾತಾಡುತ್ತಾರೆ. ಆ ಶನಿವಾರ ಬೆಳಿಗ್ಗೆಯೂ ಅಜ್ಜ ಒಂದು ಚೀಲ ನಿಂಬೆಹಣ್ಣು ಕೊಟ್ಟಿದ್ದರು.

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಸ್ಕೂಟರಿಗೆ ಅರಿಶಿನ ಕುಂಕುಮ, ಹ್ಯಾಂಡಲ್ಲಿಗೆ ಹೂವು, ಚಕ್ರಗಳ ಕೆಳಗೆ ನಿಂಬೆಹಣ್ಣು ಎಲ್ಲ ಸಿದ್ಧವಾಗಿತ್ತು. ಟೈರ್ ಕರ‍್ರಗೆ ಫಳಫಳ ಹೊಳೆಯುತ್ತಿತ್ತು. ಒಳ್ಳೆಯ ಕಂಪನಿ ಮಾಲು ಅಂದರೆ ಇದು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಅತ್ತೆ ಆರತಿ ಎತ್ತಿದರು. ಹೆಂಡತಿ ಹೆಲ್ಮೆಟ್ ಹಾಕಿಕೊಂಡು ಹಿಂದೆ ಕೂತು ನನ್ನ ಭುಜ ಹಿಡಿದಳು. ಹೊರಟೆ. ನಿಂಬೆಹಣ್ಣು ಒಡೆದವು. ಅಲ್ಲಿಯವರೆಗೆ ಎಲ್ಲವೂ ಶುಭ.

ಮನೆಯಿಂದ ಗಾಡಿ ಇಳಿಸುವ ನಮ್ಮ ಡ್ರೈವ್‌ವೇ ರಸ್ತೆಯ ಕಡೆಗೆ ಸ್ವಲ್ಪ ಇಳಿಜಾರು. ಅದರ ತುದಿಯಲ್ಲಿ ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ. ನಾನು ತಿರುಗಿದೆ, ಸ್ಕೂಟರ್ ತಿರುಗಲಿಲ್ಲ. ಆಮೇಲೆ ಅದು ಕೆರೆಗಿಳಿದ ಎಮ್ಮೆಯ ಹಾಗೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಪಕ್ಕಕ್ಕೆ ಮಲಗಿತು. ವೇಗವೇ ಇರಲಿಲ್ಲವಾದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಹೆಂಡತಿ ಹುಲ್ಲಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ನಾನು.

ಅವಳು ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಇವತ್ತೇ ಮಾರಾಟಕ್ಕೆ ಹಾಕ್ರೀ" ಅಂದಳು.

ಮೂರು ದಿನದ ಟೈರ್, ಚಳಿ ಮಳೆಗೆಂದೇ ಆರಿಸಿ ತಂದದ್ದು, ಒಣಗಿದ ನೆಲದ ಮೇಲೆ ಜಾರಿತ್ತು. ಸಂಕಟದಿಂದ ಟೈರನ್ನು ಮುಟ್ಟಿದೆ. ಬೆರಳು ನಿಲ್ಲಲಿಲ್ಲ. ಮೂಸಿ ನೋಡಿದೆ. ಕೊಬ್ಬರಿ ಎಣ್ಣೆ.

ಅತ್ತೆ ಅಲ್ಲಗಳೆಯಲಿಲ್ಲ. ತೊಳೆದು ಒಣಗಿದ ಮೇಲೆ ಟೈರ್ ಬೂದಿ ಬೂದಿ ಕಂಡಿತಂತೆ. ಹೊಸದು ಹೊಸದರ ಹಾಗೆ ಕಾಣಬೇಡವೇ ಎಂದು ಒಂದು ಬಟ್ಟಲು ಎಣ್ಣೆ ಸವರಿದರಂತೆ. ಊರಲ್ಲಿ ಆಯುಧಪೂಜೆಗೆ ಹೊಲಿಗೆ ಮಷಿನ್ನಿಗೂ ಈಳಿಗೆಮಣೆಗೂ ಹಾಗೇ ಮಾಡುವುದಂತೆ. ನಾನು ಆಸೆಯಿಂದ ಹೆಂಡತಿಯ ಮುಖ ನೋಡಿದೆ. ಕಾರಣ ಕೇಳಲ್ಲ ಅಂತ ಮೊದಲೇ ಹೇಳಿದ್ದೆ ಎಂದು ಅವಳು ಎದ್ದು, ನಾನು ತರಕಾರಿಗೆ ಹೋಗ್ತೀನಿ ಎಂದು ಕಾರಿನ ಕೀ ಎತ್ತಿಕೊಂಡಳು.

"ಇವತ್ತು ಹುಷಾರಾಗಿ ಹೋಗು ಕಣೆ" ಅಂದರು ಅತ್ತೆ. "ಕಾರಿಗೂ ಹಚ್ಚಿದೀನಿ. ಅಳಿಯಂದ್ರ ಗಾಡಿಗೆ ಮಾಡಿ ಮಗಳ ಗಾಡಿಗೆ ಬಿಟ್ರೆ ಭೇದ ಮಾಡಿದ ಹಾಗಾಗಲ್ವಾ."

ಹೆಂಡತಿ ಮತ್ತೆ ಹುಲ್ಲಿನ ಮೇಲೆ ಕೂತಳು. ಇನ್ನ್ಯಾವುದಕ್ಕೆ ಹಚ್ಚಿದೀಯಮ್ಮ ಎಂದು ಸಣ್ಣ ದನಿಯಲ್ಲಿ ಕೇಳಿದಳು. ಅತ್ತೆ ಬೇಲಿಯ ಕಡೆ ನೋಡಿದರು.

"ನಿಂಬೆಹಣ್ಣು ಕೊಟ್ಟೋರನ್ನ ಮರೆಯೋಕಾಗುತ್ತಾ?"

ಅಷ್ಟರಲ್ಲಿ ಪಕ್ಕದ ಮನೆಯ ಗೇಟು ಕಿರ್ರೆಂದಿತು. ಅಜ್ಜ ತಮ್ಮ ಗಾಡಿಯಲ್ಲಿ ಕೂತು ನಮಗೆ ಟೋಪಿ ಎತ್ತಿ ತೋರಿಸಿ, ಬೀದಿಯ ಇಳಿಜಾರಿನ ಕಡೆ ತಿರುಗಿಯೇಬಿಟ್ಟರು. ನಾಲ್ಕೂ ಚಕ್ರ ಫಳಫಳ ಹೊಳೆಯುತ್ತಿದ್ದವು. ಹೆಂಡತಿ ದಡಕ್ಕನೆ ಎದ್ದಳು.

"ನಿಂತ್ಕೊಂಡು ನೋಡ್ತೀರಲ್ರೀ, ಸ್ಕೂಟರ್ ತೆಗೀರಿ, ಹಿಡೀರಿ ಅವರನ್ನ."

"ಯಾವ ಸ್ಕೂಟರ್? ಮಾರೋದಾ?"

"ಮಾರಲ್ಲ ಕಣ್ರೀ, ತೆಗೀರಿ ಅಂದ್ರೆ!"

ನನಗೆ ಬೇಕಾದ ಮಾತು ಸಿಕ್ಕಿತ್ತು. ಸ್ಕೂಟರ್ ಮಾತ್ರ ತೆಗೆಯಲಿಲ್ಲ, ಅದು ಎಲ್ಲಿಯವರೆಗೆ ಹೋಗುತ್ತದೆ ಎಂದು ಆಗಷ್ಟೇ ನೋಡಿದ್ದೆ. ಹವಾಯಿ ಚಪ್ಪಲಿಯಲ್ಲೇ ಓಡಿದೆ. ಹಿಂದೆ ಹೆಂಡತಿ, ಅವಳ ಹಿಂದೆ ಎಣ್ಣೆಯ ಬಟ್ಟಲು ಹಿಡಿದ ಅತ್ತೆ.

ಬೀದಿಯ ಕೊನೆ ಮುಟ್ಟುವಾಗ ನಮಗೆ ಉಸಿರೇ ಇರಲಿಲ್ಲ. ಅಜ್ಜ ಕೂದಲೂ ಕೊಂಕದೆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಕಾಫಿ ಕುಡಿಯುತ್ತಿದ್ದರು. ನನ್ನನ್ನು ಹತ್ತಿರ ಕರೆದು, ಈ ಗಾಡಿ ತಗೊಂಡಾಗಿನಿಂದ ಇಷ್ಟು ಸಲೀಸಾಗಿ ಯಾವತ್ತೂ ಓಡಿರಲಿಲ್ಲ ಅಂದರು. ಆಮೇಲೆ ಅತ್ತೆಯ ಕೈಲಿದ್ದ ಬಟ್ಟಲು ನೋಡಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಅವರ ಕಡೆ ಎಳೆದು, ಕೂತ್ಕೊಳ್ಳೋಕೆ ಹೇಳು, ಗಾಡಿಗೆ ಹಚ್ಚಿ ಮುಗಿದಿದ್ದರೆ ಈ ಮಂಡಿಗೂ ಒಂಚೂರು ಹಚ್ಚಲಿ ಎಂದು ಪ್ಯಾಂಟು ಮೇಲಕ್ಕೆ ಮಡಚಿದರು.