ಮೇಷ್ಟ್ರ ಒಳಾಂಗಣ ಚಿತ್ರ

ಅಕ್ಕ ಮನೆಯಲ್ಲಿಲ್ಲದ ಹೊತ್ತು ನೋಡಿ ತಾರ್ಮಿಜಿ ಮೇಷ್ಟ್ರು ಬಾಯಿಗೆ ಹಾಕಿಕೊಂಡದ್ದು ನಾಲ್ಕೇ ತುಂಡು ದೊಡೊಲ್. ತೆಂಗಿನಹಾಲಿಗೆ ತಾಳೆಬೆಲ್ಲ ಹಾಕಿ ಅರ್ಧ ದಿನ ತಿರುವಿ ಮಾಡಿದ ಆ ಕಪ್ಪು ಹಲ್ವವನ್ನು ಅಕ್ಕ ರಾಫೆಯಾ ಮಗ ಹಿಲ್ಮಿಯ ನಿಶ್ಚಿತಾರ್ಥದ ತಟ್ಟೆಯಲ್ಲಿ ಹೂವಿನ ಹಾಗೆ ಜೋಡಿಸಿಟ್ಟಿದ್ದಳು. ಸಕ್ಕರೆ ಕಾಯಿಲೆಯ ತಮ್ಮ ಅದರ ಹತ್ತಿರ ಸುಳಿಯಕೂಡದು ಎಂದು ಇಡೀ ಓಣಿಗೆ ಕೇಳುವಂತೆ ಎಚ್ಚರಿಸಿಯೂ ಇದ್ದಳು.

ನಾಲ್ಕನೆಯ ತುಂಡು ಹೂವಿನ ನಟ್ಟನಡುವಿನದು. ನುಂಗುವಾಗ ಏನೋ ಗಟ್ಟಿಯಾದದ್ದು ಗಂಟಲು ಗೀಚಿಕೊಂಡು ಇಳಿಯಿತು. ಮೇಷ್ಟ್ರು ತಟ್ಟೆ ನೋಡಿದರು. ನಿನ್ನೆ ಸಂಜೆ ಅಕ್ಕ ಆ ನಡುವಿನ ತುಂಡಿನ ಮೇಲೇ ನಿಶ್ಚಿತಾರ್ಥದ ಉಂಗುರ ಒತ್ತಿಟ್ಟಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಈಗ ಉಂಗುರವಿಲ್ಲ.

ಮಾವ ಬೆಳಿಗ್ಗೆ ಬೆಳಿಗ್ಗೆ ತಮ್ಮ ನಡುಮನೆಯಲ್ಲಿ ಯಾಕೆ ನಿಂತಿದ್ದಾನೆಂದು ನೋಡಲು ಬಂದ ಅಕ್ಕನ ಮಗಳು, "ಅಮ್ಮ ಹೂವಿನಂಗಡಿಗೆ ಹೋಗಿದ್ದಾಳೆ" ಎಂದಳು. ಉಂಗುರದ ವಿಷಯ ಕೇಳುವ ಹಾಗಿರಲಿಲ್ಲ. ಕೇಳಿದರೆ ದೊಡೊಲ್ ಕದ್ದದ್ದನ್ನೂ ಹೇಳಬೇಕು. ನಲವತ್ತು ಮಕ್ಕಳ ಎದುರು ಮೂವತ್ತು ವರ್ಷ ಪ್ರಾಮಾಣಿಕತೆಯ ಪಾಠ ಹೇಳಿದ ಬಾಯಿ ಅದು, ಹಲ್ಲಿನ ಸಂದಿಯಲ್ಲಿ ಇನ್ನೂ ಬೆಲ್ಲ ಅಂಟಿಕೊಂಡಿತ್ತು.

ತಮ್ಮೂರು ಜೋಹೋರಿನ ಆಸ್ಪತ್ರೆಯಲ್ಲಿ ಪರಿಚಯದವರು ಕೂರದ ಬೆಂಚೇ ಇಲ್ಲ. ಹಾಗಾಗಿ ಮೇಷ್ಟ್ರು ಗಡಿಯ ಸೇತುವೆ ದಾಟುವ ಬಸ್ಸು ಹತ್ತಿ ಸಿಂಗಾಪುರಕ್ಕೆ ಹೋಗಿ ಹೊಟ್ಟೆಯ ಎಕ್ಸ್‌ರೇ ತೆಗೆಸಿದರು. ಫಿಲ್ಮ್ ನೋಡಿ ಹೇಳುವ ಡಾಕ್ಟರು ನಾಳೆ ಬರುತ್ತಾರಂತೆ. ನಿಶ್ಚಿತಾರ್ಥ ಇವತ್ತು ಸಂಜೆ. ಮೇಷ್ಟ್ರೇ ಅದನ್ನು ಆಕಾಶಕ್ಕೆ ಹಿಡಿದು ನೋಡಿದರು. ಹೊಟ್ಟೆಯ ಕೆಳಗಡೆ ಬೆಳ್ಳಗೆ, ದುಂಡಗೆ, ಹುಣ್ಣಿಮೆ ಚಂದ್ರನ ಹಾಗೆ ಒಂದು ಬಳೆ ಕೂತಿತ್ತು. ಉಂಗುರವೇ ಅದೆಂದುಕೊಂಡು, ಮುಂದೆ ನೋಡುವ ಧೈರ್ಯವಾಗದೆ ಫಿಲ್ಮನ್ನು ಲಕೋಟೆಗೆ ತುರುಕಿ ವಾಪಸ್ ಬಸ್ಸು ಹತ್ತಿದರು.

ಸುಂಕದ ಕಟ್ಟೆಯಲ್ಲಿ ಎಲ್ಲರೂ ಇಳಿದು ಸಾಲು ನಿಂತರು. ಮೇಜಿನ ಹಿಂದೆ ಇದ್ದ ಅಧಿಕಾರಿ ಎದ್ದು ನಿಂತು ಸಲಾಮು ಮಾಡಿದ. "ಸಾರ್, ಗುರುತು ಸಿಕ್ತಾ? ನಾನು ಫೌಜಿ. ಸುಳ್ಳು ಹೇಳಿದ್ದಕ್ಕೆ ನನ್ನನ್ನ ಬಿಸಿಲಲ್ಲಿ ನಿಲ್ಲಿಸಿದ್ರಿ."

"ಸಿಕ್ತಪ್ಪ," ಎಂದರು ಮೇಷ್ಟ್ರು, ಸಿಕ್ಕದಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತಾ.

"ಲಕೋಟೇಲಿ ಏನಿದೆ ಸಾರ್?"

ಎಕ್ಸ್‌ರೇ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಪಕ್ಕದ ಸಾಲಿನಲ್ಲಿ, ಕೈಚೀಲ ಹಿಡಿದು, "ಬಿಸ್ಕತ್ತು ಅಷ್ಟೇ ಕಣಪ್ಪ, ಬೇರೇನಿಲ್ಲ" ಎನ್ನುತ್ತಾ ದಾಟುತ್ತಿದ್ದ ಹೆಂಗಸನ್ನು ಮೇಷ್ಟ್ರು ಕಂಡರು. ಅಕ್ಕ. ಹೂವಿನಂಗಡಿಗೆ ಹೋದವಳು ಇಲ್ಲೇನು ಮಾಡುತ್ತಿದ್ದಾಳೆ ಎಂದು ಯೋಚಿಸುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

"ಫಿಲ್ಮು," ಎಂದರು, ಅಕ್ಕನ ಕಿವಿಗೆ ಬೀಳದಂತೆ ಮೆಲ್ಲಗೆ.

"ಫಿಲ್ಮಾ?" ಫೌಜಿ ದಪ್ಪ ಪುಸ್ತಕ ತೆಗೆದ. "ಬೆಳಕು ಕಂಡಿದ್ದೋ ಕಾಣದ್ದೋ ಸಾರ್? ಕಾಣದ್ದಾದ್ರೆ ಒಂದು ಸುಂಕ, ಕಂಡು ತೊಳೆದದ್ದಾದ್ರೆ ಇನ್ನೊಂದು."

"ತೊಳೆದದ್ದು."

"ಸಿನಿಮಾನಾ? ಸಿನಿಮಾ ಆದ್ರೆ ಉದ್ದ ಅಳೀಬೇಕು, ಸೆನ್ಸಾರಿಗೂ ಕಳಿಸ್ಬೇಕು."

"ಫೋಟೋ ಕಣಯ್ಯ. ಒಂದೇ ಒಂದು."

"ಯಾರದು?"

"ನಂದೇ."

"ಇಷ್ಟು ದೊಡ್ಡದಾ? ಎಲ್ಲಿ ತೆಗೆಸಿದ್ರಿ ಸಾರ್?"

ಮೇಷ್ಟ್ರು ಬೆವರು ಒರೆಸಿಕೊಂಡರು. "ಒಳಾಂಗಣದಲ್ಲಿ."

ಹಿಂದೆ ನಿಂತಿದ್ದ ಡುರಿಯನ್ ಹಣ್ಣಿನ ವ್ಯಾಪಾರಿ ಕತ್ತು ಚಾಚಿದ. "ಮೇಷ್ಟ್ರು ಯಾಕೆ ಹೀಗೆ ಅಡಗಿಸ್ತಾರೆ? ಬಟ್ಟೆ ಇಲ್ಲದ ಚಿತ್ರ ಇರ್ಬೇಕು," ಎಂದು ಪಕ್ಕದವನಿಗೆ ಹೇಳಿದ. ಒಂದು ರೀತಿಯಲ್ಲಿ ಅದು ನಿಜವೂ ಆಗಿತ್ತು. ಮಾತು ಸಾಲಿನುದ್ದಕ್ಕೂ ಹರಿದು ತುದಿ ಮುಟ್ಟುವಷ್ಟರಲ್ಲಿ ಮೇಷ್ಟ್ರ ಲಕೋಟೆಯಲ್ಲಿ ನಾಲ್ಕು ಜನ ನರ್ತಕಿಯರಿದ್ದರು.

ಗದ್ದಲ ಕೇಳಿ ಹಿರಿಯ ಅಧಿಕಾರಿ ಆರೋಕ್ಯಂ ಚಹಾದ ಲೋಟ ಹಿಡಿದುಕೊಂಡೇ ಬಂದರು. ಗದ್ದಲ ಕೇಳಿ ಅಕ್ಕನೂ ಹಿಂದಿರುಗಿ ಬಂದಳು.

"ತಾರ್ಮಿಜಿ, ನೀನಿಲ್ಲಿ ಏನೋ ಮಾಡ್ತಿದ್ದೀಯ? ಸಂಜೆಗೆ ಕುರ್ಚಿ ತರಿಸು ಅಂದಿದ್ನಲ್ಲ."

ಆರೋಕ್ಯಂ ಅಷ್ಟರಲ್ಲಿ ಫಿಲ್ಮು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಬಸ್ಸಿನಿಂದ ಇಳಿದವರೆಲ್ಲ ಅರ್ಧಚಂದ್ರಾಕಾರವಾಗಿ ನಿಂತು ಮೇಷ್ಟ್ರ ಬೆನ್ನೆಲುಬು ನೋಡಿದರು. ಆಮೇಲೆ ದುಂಡಗಿನ ಬಿಳಿ ಬಳೆ ನೋಡಿದರು. ಆಮೇಲೆ ಮೇಷ್ಟ್ರ ಮುಖ ನೋಡಿದರು.

"ಚಿನ್ನ ನುಂಗಿ ಸಾಗಿಸ್ತಿದ್ದಾರೆ," ಎಂದ ಡುರಿಯನ್ ವ್ಯಾಪಾರಿ.

ಫೌಜಿಯ ಮುಖ ಸಣ್ಣದಾಯಿತು. "ಸಾರ್, ನೀವಾ?"

ಅದೊಂದೇ ಮಾತು ಮೇಷ್ಟ್ರನ್ನು ಕೆಡವಿತು. ಕಳ್ಳಸಾಗಣೆಗಾರನಾಗುವುದಕ್ಕಿಂತ ಹೊಟ್ಟೆಬಾಕನಾಗುವುದೇ ಮೇಲು ಎನ್ನಿಸಿತು. "ಇಲ್ಲಪ್ಪ, ಇದು ನಮ್ಮ ಮನೆಯದೇ ಉಂಗುರ," ಎಂದು ಎಲ್ಲವನ್ನೂ ಹೇಳಿಬಿಟ್ಟರು. ದೊಡೊಲ್ ಕದ್ದದ್ದು, ನಡುವಿನ ತುಂಡು, ಗಂಟಲು ಗೀಚಿದ್ದು. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಗಿ, ಕಡೆಗೆ ಅವರ ಬೂಟಿಗೆ ಮಾತ್ರ ಕೇಳುವಷ್ಟಾಯಿತು. "ಅಕ್ಕ, ತಪ್ಪಾಯ್ತು. ಹಿಲ್ಮಿಯ ಉಂಗುರ ನನ್ನ ಹೊಟ್ಟೇಲಿದೆ."

ರಾಫೆಯಾಳ ಸಿಟ್ಟು ಕುದಿಯುವ ಅನ್ನದ ಮುಚ್ಚಳದ ಹಾಗೆ ಎದ್ದಿತು. "ಹೊಟ್ಟೇಲಿ ಎಲ್ಲಿಂದ ಬರುತ್ತೋ ಮುಕ್ಕ? ಬೆಳಗಾಗೋ ಮುಂಚೇನೇ ಅದನ್ನ ಎತ್ಕೊಂಡು ಹೋಗಿ ಸಿಂಗಾಪುರದಲ್ಲಿ ಕೊಟ್ಟು, ಕಲ್ಲಿಟ್ಟ ಹೊಸದು ತಗೊಂಡು ಬಂದಿದ್ದೀನಿ. ನೋಡು, ಇಲ್ಲೇ ಇದೆ." ಬಿಸ್ಕತ್ತಿನ ಡಬ್ಬಿಯ ತಳಕ್ಕೆ ಕೈಹಾಕಿ ಉಂಗುರ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಮೇಲೆ ಹಿಡಿದಳು.

ಉಂಗುರದ ಕಲ್ಲು ಪಳಪಳ ಹೊಳೆಯಿತು. ರಾಫೆಯಾ ತಾನು ನಿಂತ ಜಾಗವನ್ನು ಆಗ ಗಮನಿಸಿದಳು. ಕೈ ನಿಧಾನವಾಗಿ ಕೆಳಗಿಳಿಯಿತು.

"ಅಮ್ಮಾ," ಎಂದರು ಆರೋಕ್ಯಂ ಮರ್ಯಾದೆಯಿಂದ, "ಆಗ ಬಿಸ್ಕತ್ತು ಅಷ್ಟೇ ಅಂದಿದ್ರಂತಲ್ಲ."

ಉಂಗುರವನ್ನು ಅವರು ಕಾಗದದಲ್ಲಿ ಸುತ್ತಿ ಮೊಹರು ಹಾಕಿ ಒಳಗಿಟ್ಟರು. ಬೆಲೆ ಕಟ್ಟುವವರು ಬರುವುದು ನಾಳಿದ್ದು. ಸುಂಕ, ದಂಡ ಕಟ್ಟಿ ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ಬಿಡಿಸಿಕೊಳ್ಳಬಹುದು. ಕಾಯಿಲೆಯವರ ಸ್ವಂತ ಎಕ್ಸ್‌ರೇಗೆ ಸುಂಕವಿಲ್ಲವೆಂದು ಫಿಲ್ಮನ್ನು ಮೇಷ್ಟ್ರಿಗೇ ಹಿಂದಿರುಗಿಸಿದರು. "ಅಂದ ಹಾಗೆ ಮೇಷ್ಟ್ರೇ, ಈ ಬಳೆಗೆ ಅಡ್ಡ ಒಂದು ಕಡ್ಡಿ ಇದೆ. ಇದು ನಿಮ್ಮ ಬೆಲ್ಟಿನ ಬಕಲ್ಲು."

ನರ್ಸಮ್ಮ ಬೆಲ್ಟು ಬಿಚ್ಚಿ ಅಂದದ್ದೂ, ಚಿಕ್ಕ ವಯಸ್ಸಿನ ಹುಡುಗಿಯ ಎದುರು ನಾಚಿಕೊಂಡು ತಾವು ಅಂಗಿಯನ್ನಷ್ಟೇ ಎತ್ತಿದ್ದೂ ಮೇಷ್ಟ್ರಿಗೆ ನೆನಪಾಯಿತು. ಗಂಟಲು ಗೀಚಿದ್ದು ಬಹುಶಃ ತೆಂಗಿನ ಚಿಪ್ಪಿನ ಚೂರು. ಬಾಯಿ ಮುಚ್ಚಿಕೊಂಡಿದ್ದರೆ ಇಡೀ ಜಗತ್ತಿನಲ್ಲಿ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಬಸ್ಸಿನಿಂದ ಇಳಿಯುವಾಗ ಅಕ್ಕ ಲಕೋಟೆಯತ್ತ ಕೈ ತೋರಿಸಿ, "ಅದನ್ನ ಜೋಪಾನವಾಗಿಟ್ಕೋ. ಸಂಜೆಗೆ ಬೇಕು," ಎಂದಳು.

ಸಂಜೆ ಹುಡುಗಿಯ ಮನೆಯಲ್ಲಿ ತಟ್ಟೆಗಳು ಸಾಲಾಗಿ ಕೂತವು. ಉಂಗುರವೆಲ್ಲಿ ಎಂದು ಬೀಗರು ಕೇಳಿದರು. ರಾಫೆಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೇಗೆ ಹೇಳಲಿ? ನನ್ನ ತಮ್ಮ ಆಸೆ ತಡೀಲಾರದೆ ದೊಡೊಲ್ ಜೊತೆ ನುಂಗಿಬಿಟ್ಟ. ಸುಳ್ಳಲ್ಲ, ಫಿಲ್ಮು ನೋಡಿ."

ಮೇಷ್ಟ್ರು ಬಾಯಿ ತೆರೆದರು. ಅಕ್ಕ ಕಳ್ಳಮಾಲು ತರಲು ಹೋಗಿ ಸಿಕ್ಕಿಬಿದ್ದಳೆಂದು ಹೇಳಿದರೆ ಹಿಲ್ಮಿಯ ಸಂಬಂಧ ಮುರಿಯುತ್ತಿತ್ತು. ಮೂಲೆಯಲ್ಲಿ ಕೂತಿದ್ದ ಹಿಲ್ಮಿಯ ಹೆದರಿದ ಮುಖ ನೋಡಿ ಬಾಯಿ ಮುಚ್ಚಿದರು.

ಫಿಲ್ಮು ಕೈಯಿಂದ ಕೈಗೆ ಹೋಯಿತು. ಇಮಾಮರು ಅದನ್ನು ದೀಪಕ್ಕೆ ಹಿಡಿದು ನೋಡಿ, ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದರು. ಬಾಗಿಲ ಸಂದಿಯಲ್ಲಿ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮೇಷ್ಟ್ರು ಚಾಪೆಯ ಎಳೆಗಳನ್ನೇ ನೋಡುತ್ತಾ ಕೂತರು.

ಕಡೆಗೆ ಅದು ಹುಡುಗಿಯ ಅಜ್ಜಿಯ ಕೈ ಸೇರಿತು. ಮುದುಕಿ ಬಹಳ ಹೊತ್ತು ನೋಡಿ, ಅನುಕಂಪದಿಂದ ಕೇಳಿದಳು: "ಪಾಪ. ಅದು ಯಾವಾಗ ಬರಬಹುದಂತೆ?"

"ನಾಳಿದ್ದು ಬೆಳಿಗ್ಗೆ," ಎಂದಳು ರಾಫೆಯಾ. "ಸರಿಯಾಗಿ ಹತ್ತು ಗಂಟೆಗೆ."