ಬನಹಟ್ಟಿ ಮನೆಗಳ ಹಗ್ಗ, ಕಿಂಡಿ ಮತ್ತು ಕುಣಿ

ಬಾಡಿಗೆ ಮನೆ ಇಟ್ಟುಕೊಂಡವರಿಗೆ ತಿಂಗಳಾದರೆ ಬಾಡಿಗೆ ಬರುತ್ತದೆಂಬ ಖಾತ್ರಿಯಿಲ್ಲ. ಗಲಿಬಿಲಿ ಮಾತ್ರ ತಪ್ಪದೆ ಬರುತ್ತದೆ. ಸಂಸ್ಥಾನದ ಕಾಲದಲ್ಲಿ ಬನಹಟ್ಟಿಯ ನಮ್ಮ ನಾಲ್ಕು ಮನೆಗಳ ಕೀಲಿಕೈಗಳನ್ನು ಮಾವನವರು ನನಗೆ ಕೊಟ್ಟರು. ಜಮಖಂಡಿ ಕಚೇರಿಯಲ್ಲಿ ಕಾರಕೂನನಾಗಿದ್ದ ಮೈದುನನಿಗೆ ಅದು ಸೇರಲಿಲ್ಲ. ಕಾನ್ವೆಂಟಿನಲ್ಲಿ ಕಲಿತವರಿಗೆ ನೇಕಾರರ ಮನೆಗಳ ದುರಸ್ತಿ ಏನು ತಿಳಿದೀತು ಎಂದ. ಕಡೆಗೆ ಒಂದು ಕರಾರಾಯಿತು: ದೀಪಾವಳಿಯೊಳಗೆ ಒಂದು ಮನೆ ಖಾಲಿಯಾದರೂ ಕೀಲಿಕೈಗಳೆಲ್ಲ ಅವನಿಗೆ. ಶಿಸ್ತು ಇದ್ದಲ್ಲಿ ಖರ್ಚು ಹಿಡಿತದಲ್ಲಿರುತ್ತದೆ ಎಂದು ಕಾನ್ವೆಂಟಿನ ನಮ್ಮ ಮದರ್ ಹೇಳುತ್ತಿದ್ದರು. ಅವರು ಬನಹಟ್ಟಿಗೆ ಬಂದವರಲ್ಲ.

ಹಗ್ಗ

ಬಾವಿಯ ಹಗ್ಗದ ಖರ್ಚು ನನ್ನದು. ಬೇಸಿಗೆಯಲ್ಲಿ ಹಗ್ಗ ನೀರಿಗೆ ಮುಟ್ಟುತ್ತಿಲ್ಲ ಎಂದು ಬಾಡಿಗೆದಾರರು ಹೇಳಿದರು. ನೀರು ಇಳಿದಿರುತ್ತದೆ, ಸರಿ ಎಂದು ಉದ್ದನೆಯದು ತರಿಸಿದೆ. ಮಳೆಗಾಲ ಬಂತು, ನೀರು ಮೇಲೆ ಬಂತು. ಆಗಲೂ ಹಗ್ಗ ಮುಟ್ಟಲಿಲ್ಲ. ನನಗೆ ಲೆಕ್ಕ ಹತ್ತಲಿಲ್ಲ. ಬಾವಿಯಲ್ಲಿ ಇಣುಕಿ ನೋಡಿದೆ, ಕಾರಣ ಅಲ್ಲಿರಲಿಲ್ಲ. ಹಿತ್ತಲಿಗೆ ಹೋದೆ. ಒಂದು ಮನೆಯ ಆಡು, ಇನ್ನೊಂದರ ತೊಟ್ಟಿಲು, ಮತ್ತೊಂದರ ಒಣಹಾಕಿದ ಸೀರೆಗಳು, ಎಲ್ಲವೂ ನನ್ನ ಹಗ್ಗದ ತುಂಡುಗಳಲ್ಲೇ ಇದ್ದವು. ಆಡಿನ ಯಜಮಾನಿಯನ್ನು ಕೇಳಿದರೆ, “ಹಳೇ ಹಗ್ಗಾ ಗಟ್ಟಿ ಇರಲಿಲ್ರೀ ಬಾಯಾರ, ನೀವು ಹೊಸಾದು ತಂದ ಮ್ಯಾಲೆ ಛಲೋ ಆತು” ಎಂದು ಹರಸಿದಳು.

ಕಿಂಡಿ

ನಮ್ಮ ಕಡೆಯ ಮಣ್ಣಿನ ಮಾಳಿಗೆಗೆ ನಡುವೆ ಒಂದು ಬೆಳಕಿಂಡಿ ಇರುತ್ತದೆ. ಮಳೆ ಬಂದರೆ ಮೇಲೆ ಹತ್ತಿ ಮುಚ್ಚಬೇಕು. ಯಾರೂ ಮುಚ್ಚಲಿಲ್ಲ, ಮನೆಯೆಲ್ಲ ಕೆಸರಾಯಿತು. ಹಿರಿಯ ಬಾಡಿಗೆದಾರನನ್ನು ಕರೆಸಿ ಇದು ಯಾರ ಕೆಲಸವೆಂದು ಕೇಳಿದೆ.

“ಮಾಳಿಗಿ ನಿಮ್ಮದರೀ. ಒಳಗ ಬೀಳೂ ಬೆಳಕು ನಮ್ಮದು.”

“ಹಾಗಾದರೆ ಕಿಂಡಿ ಯಾರದು?”

“ಕಿಂಡಿ ಅಂದ್ರ ಏನೂ ಇಲ್ಲದ ಜಾಗಾ ಅಲ್ರೀ. ಏನೂ ಇಲ್ಲದ್ದಕ್ಕ ಮಾಲಕರು ಯಾರು ಅಂತ ಹೇಳೂದ್ರೀ?”

ಇದೇ ನೆಪದಿಂದ ಯಾರಾದರೂ ಮನೆ ಬಿಟ್ಟರೆ ಮೈದುನನ ಮುಖ ನೋಡಬೇಕಾಗುತ್ತಿತ್ತು. ಅಂದಿನಿಂದ ಮೋಡ ಕವಿದರೆ ನಾನೇ ಏಣಿ ಹತ್ತಿ, ಏನೂ ಇಲ್ಲದ್ದನ್ನು ಮುಚ್ಚಿ ಇಳಿಯುತ್ತಿದ್ದೆ.

ಕುಣಿ

ಈ ನಾಲ್ಕೂ ಮನೆಯವರು ಸಾಹುಕಾರರ ಮಗ್ಗಗಳಲ್ಲಿ ಕೂಲಿ ನೇಯುವವರು. ಇಂದು ಇಲ್ಲಿ, ನಾಳೆ ಪಕ್ಕದ ರಬಕವಿ. ದಸರೆಯ ಮುಂಚೆ ಕೊನೆಯ ಮನೆಯವನು ಬಂದು ಕೈಕಟ್ಟಿ ನಿಂತ. “ಮನ್ಯಾಗ ಒಂದು ಕುಣಿ ತೋಡಬೇಕಾಗೇತ್ರಿ ಬಾಯಾರ. ಅಪ್ಪಣಿ ಆಗಬೇಕು.”

ಅವನ ಮುದಿ ತಾಯಿ ಜ್ವರದಿಂದ ಮಲಗಿದ್ದು ನನಗೆ ಗೊತ್ತಿತ್ತು. ಅವರಲ್ಲಿ ಸತ್ತವರನ್ನು ಕುಣಿ ತೋಡಿ ಹೂಳುವ ಪದ್ಧತಿಯೆಂದೂ ಗೊತ್ತಿತ್ತು. ಆದರೆ ಮನೆಯೊಳಗೇ ಏಕೆ ಎಂಬುದು ತಿಳಿಯಲಿಲ್ಲ. ದುಃಖದಲ್ಲಿರುವವನನ್ನು ಕೇಳುವುದು ಸಭ್ಯತೆಯಲ್ಲ. ತೋಡುವ ಕೂಲಿ ನನ್ನದು, ಧೈರ್ಯವಾಗಿರು ಎಂದೆ. ಅವನು ನನ್ನನ್ನು ತಿರುತಿರುಗಿ ನೋಡುತ್ತ ಹೊರಟುಹೋದ.

ಮರುದಿನ ಸಾದಾ ಸೀರೆ ಉಟ್ಟು, ದೊಡ್ಡದೊಂದು ಹೂಮಾಲೆ ಹಿಡಿದು ಅವನ ಮನೆಗೆ ಹೋದೆ. ಬಾಗಿಲು ತೆರೆದವಳು ಆ ಮುದುಕಿಯೇ.

“ಮಗ್ಗದ ಪೂಜಾಕ್ಕ ಮಾಲಿ ತಂದೀರೇನ್ರಿ? ನಿಮ್ಮಂಥಾ ಮಾಲಕರು ಎಲ್ಲಿ ಸಿಗತಾರವಾ!” ಎಂದು ನನ್ನ ಕೈಯಿಂದ ಮಾಲೆ ತೆಗೆದುಕೊಂಡಳು. ಒಳಗೆ ಅವರದೇ ಹೊಸ ಮಗ್ಗವಿತ್ತು. ಮಗ ಅದರ ಮುಂದಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯಲು ಕೂತಿದ್ದ. ಯಾರು ಹೋದರೆಂದು ಅಳುಮುಖ ಮಾಡಿದ್ದೀರಿ ಎಂದು ಮುದುಕಿ ಕೇಳಿದಳು. ಕಣ್ಣಿಗೆ ಧೂಳು ಬಿದ್ದಿದೆ ಎಂದೆ.

ಕುಣಿಯ ಕೂಲಿ ಮಾಲಕರದೆಂಬ ಸುದ್ದಿ ಉಳಿದ ಮೂರೂ ಮನೆಗಳಿಗೆ ಮುಟ್ಟಿತು. ಅವರೂ ಸಾಲವೋ ಸೋಲವೋ ಮಾಡಿ ಸ್ವಂತ ಮಗ್ಗ ತಂದರು. ನಾನು ಕೊಟ್ಟ ಮಾತಿಗೆ ತಪ್ಪದೆ ನಾಲ್ಕೂ ಕುಣಿ ತೋಡಿಸಿದೆ.

ದೀಪಾವಳಿಯಂದು ಮೈದುನ ಕೀಲಿಕೈಗೆಂದು ಚೀಲವನ್ನೇ ತಂದಿದ್ದ. ನಾಲ್ಕೂ ಮನೆಗಳಿಂದ ಮಗ್ಗದ ಲಾಳಿಯ ಸದ್ದು ಬರುತ್ತಿತ್ತು.

“ಒಬ್ಬರೂ ಎದ್ದು ಹೋಗಲಿಲ್ಲೇನ್ರಿ ವೈನಿ?”

“ಎಲ್ಲರನ್ನೂ ಕುಣಿಗೆ ಇಳಿಸಿದ್ದೇನೆ,” ಎಂದೆ. “ಕುಣಿಯಿಂದ ಎದ್ದು ಹೋದವರನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ?”