ಜೀನು ಹಾಕಿದ ಕತ್ತಿ

ಇದನ್ನು ನನಗೆ ಮೊದಲು ಹೇಳಿದವಳು ಭಾಲ್ಕಿಯ ನಮ್ಮ ಸ್ವಾದರತ್ತಿ, ಅಪ್ಪನ ಅಕ್ಕ. ನಮ್ಮ ಮನೆತನದಲ್ಲಿ ಒಂದು ಹೇಳಿದರೆ ಇನ್ನೊಂದು ಆಗುತ್ತಲೇ ಇರುತ್ತದೆ. ನಾನೇ ಕಾಲೇಜಿನಲ್ಲಿ ಇತಿಹಾಸ ಕೇಳಲು ಹೋಗಿ ಅರ್ಥಶಾಸ್ತ್ರ ಓದಿ ಬಂದವಳು. ಆದರೆ ಈ ಚಾಳಿ ಶುರುವಾದದ್ದು ನಿಜಾಮರ ಕಾಲದಲ್ಲಿ, ನಮ್ಮ ಮುತ್ಯಾನ, ಅಂದರೆ ಅಪ್ಪನ ಅಪ್ಪನ, ಹಲ್ಲುಪುಡಿ ಡಬ್ಬಿಯ ಮೇಲೆ ಅಂತ ಅತ್ತಿ ಹೇಳುತ್ತಾಳೆ. ಅವಳು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ. ಕ್ರಮ ತಪ್ಪಿದರೆ ಫೋನ್ ಮಾಡಿ ಬೈಯುತ್ತಾಳೆ.

ಕಿವಿ

ಭಾಲ್ಕಿ ಪೇಟೆಯಲ್ಲಿ ಮುತ್ಯಾನದು ಸಣ್ಣ ಅಂಗಡಿ, ಮಾಲು ಒಂದೇ. ನಮ್ಮ ಅಜ್ಜಿ ಮನೆಯಲ್ಲಿ ಜಾಲಿ ತೊಗಟೆ ಸುಟ್ಟು, ಉಪ್ಪು ಲವಂಗ ಸೇರಿಸಿ ಕುಟ್ಟಿ ಸೋಸಿದ ಕರೀ ಮಂಜನ್. ಹಲ್ಲುಪುಡಿಗೆ ನಮ್ಮ ಕಡೆ ಹಾಗೇ ಅನ್ನುವುದು. ಮಾಲು ಚೆನ್ನಾಗಿ ಹೋಗತೊಡಗಿದಾಗ ಮುತ್ಯಾಗೆ ಒಂದು ಮಾರ್ಕಾ ಬೇಕು ಅನಿಸಿತು. ಕುದುರೆ ಮಾರ್ಕಾ.

ಬೀದರಿನಲ್ಲಿ ಟಾಂಗಾಗಳಿಗೆ ಬಣ್ಣ ಹಚ್ಚುವ ಚಾಚಾ ಒಬ್ಬನಿದ್ದ. ಮುತ್ಯಾನ ದೋಸ್ತ. ಅವನೇ ಚಿತ್ರ ಬರೆದುಕೊಟ್ಟ. ಪಾಪ, ಅವನು ಜೀವಮಾನವೆಲ್ಲ ಕುದುರೆ ನೋಡಿದ್ದು ಟಾಂಗಾದೊಳಗೆ ಕೂತು. ಅಲ್ಲಿಂದ ಬಾಲ ಕಾಣುತ್ತದೆ, ಕಿವಿ ಕಾಣುತ್ತದೆ. ಮುಖದ ಭಾಗ ಅಂದಾಜಿನ ಮೇಲೆ.

"ಕಿವಿ ಯಾಕ ಇಷ್ಟು ಉದ್ದ ಭಾಯಿ?" ಅಂದ ಮುತ್ಯಾ.

"ಸವಾರ ಏನ ಹೇಳ್ತಾನ ಅಂತ ಕೇಳ್ಲತ್ತದ, ಸೇಠ್. ಕಿವಿ ಬಿಡ್ರಿ, ಜೀನ್ ನೋಡ್ರಿ, ಜೀನ್."

ಜೀನು ಮಾತ್ರ ನವಾಬರಿಗೆ ಸಲ್ಲುವಂಥದ್ದು. ಬೆನ್ನಿಗೆ ಹೊದಿಸುವ ಝೂಲು, ಕುಚ್ಚು, ಕಾಲಿಡುವ ರಿಕಾಬು, ಏನೂ ಬಿಟ್ಟಿರಲಿಲ್ಲ. ಚೀಟಿಗಳು ಅಚ್ಚಾಗಿ ಬಂದವು, ಡಬ್ಬಿಗೆ ಅಂಟಿದವು. ಮೊದಲನೇ ಸಂತೆಗೆ ಖಟಕ ಚಿಂಚೋಳಿಯ ಹೆಣ್ಣುಮಗಳೊಬ್ಬಳು ಬಂದು ಡಬ್ಬಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದಳು.

"ಸಾವ್ಕಾರ್ರ, ಈ ಕತ್ತಿ ಮಂಜನ್ ಒಂದು ಕೊಡ್ರಿ."

ನಮ್ಮ ಕಡೆ ಮನೆ ಮನಿ ಆದಂತೆ ಕತ್ತೆ ಕತ್ತಿಯಾಗುತ್ತದೆ. ಮುತ್ಯಾಗೆ ಮುಖ ಕೆಂಪಾಯಿತು. "ಅದು ಕುದುರಿ ಅದವ್ವ."

"ಇರ್ಲಿ ಬಿಡ್ರಿ. ನನಗ ಹಲ್ಲು ತಿಕ್ಕಾಕ ಬೇಕು, ಹತ್ತಾಕ ಅಲ್ಲ."

ಎಡಕ್ಕೊಂದು ಬಲಕ್ಕೊಂದು

ಅವತ್ತಿನಿಂದ ಅದು ಕತ್ತಿ ಮಾರ್ಕಾ. ಮುತ್ಯಾ ಕೊರಗಿದ, ಅಜ್ಜಿ ಕೊರಗಲಿಲ್ಲ. "ನನ್ನ ಮಂಜನ್ ಕುದುರಿ ಮ್ಯಾಲಾದ್ರೂ ಹೋಗ್ಲಿ, ಕತ್ತಿ ಮ್ಯಾಲಾದ್ರೂ ಹೋಗ್ಲಿ, ಊರು ಮುಟ್ಟಿದ್ರ ಸಾಕು" ಅಂದಳು. ಅದು ಕಮಠಾಣ ಮುಟ್ಟಿತು, ಔರಾದ ಮುಟ್ಟಿತು. ಔರಾದದಿಂದ ಮಾತ್ರ ಗಿರಾಕಿಗಳು ತಿರುಗಿ ಬರತೊಡಗಿದರು, ಬಾಯಿಗೆ ಧೋತರದ ಚುಂಗು ಒತ್ತಿಕೊಂಡು.

"ಏನ್ ಹಾಕೀರಿ ಸಾವ್ಕಾರ್ರ ಇದ್ರಾಗ? ವಸಡೆಲ್ಲ ಕಿತ್ತು ಬಂತು."

ಅವರು ತಂದ ಡಬ್ಬಿ ತೆರೆದು ಅಜ್ಜಿ ಬೆರಳಿನಿಂದ ಉಜ್ಜಿ ನೋಡಿದಳು. ಇದ್ದಿಲು ಬೆರೆಸಿದ ಇಟ್ಟಂಗಿ ಪುಡಿ. ಮೇಲೆ ನಮ್ಮದೇ ಪ್ರಾಣಿ, ಅದೇ ಕಿವಿ. ಕೆಟ್ಟ ಹೆಸರು ಭಾಲ್ಕಿಗೂ ಬಂದರೆ ಅಂಗಡಿ ಮುಚ್ಚುತ್ತದೆ, ಅಂಗಡಿ ಮುಚ್ಚಿದರೆ ಆಗಿನ್ನೂ ಅಕ್ಷರ ಕಲಿಯುತ್ತಿದ್ದ ಅತ್ತಿಯ ಸಾಲಿ ಬಿಡಿಸುತ್ತಾರೆ. ಅದನ್ನು ಹೇಳುವಾಗ ಮಾತ್ರ ಅತ್ತಿ ಈಗಲೂ ನಗುವುದಿಲ್ಲ.

ಮುತ್ಯಾ ಔರಾದಕ್ಕೆ ಹೋಗಿ ಆ ಡಬ್ಬಿ ಮಾರುವ ವ್ಯಾಪಾರಿಯನ್ನು ಹಿಡಿದ. "ಇದು ನಮ್ಮ ಕತ್ತಿ."

"ಹ್ಯಾಂಗ್ರಿ? ನಿಮ್ಮ ಕತ್ತಿ ಎಡಕ್ಕ ನೋಡ್ತದ, ನಮ್ದು ಬಲಕ್ಕ ನೋಡ್ತದ."

"ಮಾರಿ ತಿರುಗಿಸಿದ್ರ ಬ್ಯಾರೆ ಕತ್ತಿ ಆಯ್ತೇನು?"

"ಹಂಗಲ್ರಿ ಸಾವ್ಕಾರ್ರ. ನಮ್ಮ ನಿಮ್ಮ ಮಾರಿ ಕೂಡಬಾರ್ದಂತ ತಿರುಗಿಸೀನಿ."

ಬಿಚ್ಚಿದ್ದೋ, ಒರೆಯಲ್ಲಿದ್ದೋ?

ಬೀದರಿನ ವಕೀಲರೊಬ್ಬರು ದಾರಿ ಹೇಳಿದರು. ಹೈದರಾಬಾದಿಗೆ ಹೋಗಿ ಮಾರ್ಕಾ ರಜಿಸ್ಟರ್ ಮಾಡಿಸಬೇಕು. ಒಮ್ಮೆ ಆಯಿತೆಂದರೆ ಇನ್ನೊಬ್ಬ ಹಚ್ಚುವಂತಿಲ್ಲ. ಜನ ಯಾವ ಹೆಸರಿನಿಂದ ಕೇಳುತ್ತಾರೋ ಅದನ್ನೇ ಬರೆಸಿರಿ ಅಂದರು. ಮುತ್ಯಾ ಮಾನ ನುಂಗಿಕೊಂಡು ರೈಲು ಹತ್ತಿದ. ಆದರೆ ಪೂರ್ತಿ ನುಂಗಲಾಗಲಿಲ್ಲ. ಆ ಚಿತ್ರವನ್ನು ದೊಡ್ಡ ಸಾಹೇಬರಿಗೆ ತೋರಿಸಲು ನಾಚಿಕೆಯಾಗಿ ಚೀಟಿಯನ್ನು ಮನೆಯಲ್ಲೇ ಬಿಟ್ಟು ಹೋದ.

ಕಚೇರಿಯ ಕಾಗದವೆಲ್ಲ ಉರ್ದು. ಕನ್ನಡದಿಂದ ಉರ್ದುವಿಗೆ ಬರೆಯಲು ಒಬ್ಬ ಮುನ್ಷಿ ಇದ್ದರು, ಮೈಸೂರು ಸೀಮೆಯಲ್ಲಿ ಕಲಿತವರು. ಅವರ ಕತ್ತಿ ಯುದ್ಧಕ್ಕೆ ಹೋಗುವಂಥದ್ದು. ನಮ್ಮದು ಹುಲ್ಲು ಮೇಯುವಂಥದ್ದು.

"ಕತ್ತಿ. ಶೌರ್ಯದ ಗುರುತು. ಚಿತ್ರ ತಂದಿಲ್ಲವೇ? ಹಾಗಾದರೆ ವಿವರ ಹೇಳಿ. ಒರೆಯಲ್ಲಿದ್ದದ್ದೋ, ಬಿಚ್ಚಿದ್ದೋ?"

"ಬಿಚ್ಚಿ ಬಿಟ್ಟಿದ್ದೇ ರೀ. ಕತ್ತಿ ಯಾರ್ ಕಟ್ತಾರ? ಸಂಜೀಕ ತಾನೇ ಮನೀಗಿ ಬರ್ತದ."

ಮುನ್ಷಿ ಲೇಖನಿ ತಡೆದು ನೋಡಿದರು. "ಒಂದು ಕೈಯಲ್ಲಿ ಹಿಡಿಯುವುದೋ, ಎರಡು ಕೈಯಲ್ಲೋ?"

"ಎರಡೂ ಕೈಲೆ ಹಿಡೀಬೇಕ್ರಿ. ಇಲ್ಲಂದ್ರ ಒದೀತದ."

ಬೀದರ್ ಕೋಟೆಯ ಊರು, ಅಲ್ಲಿ ಇಂಥ ಆಯುಧಗಳೂ ಇರಬಹುದು ಅಂದುಕೊಂಡರೋ ಏನೋ. ಗೌರವದಿಂದ ಎದ್ದು ನಿಂತು ಮುತ್ಯಾನನ್ನು ಬಾಗಿಲವರೆಗೆ ಕಳಿಸಿಕೊಟ್ಟರು.

ತಲವಾರ್ ಎಲ್ಲಿ?

ಮಾರ್ಕಾ ನೋಂದಣಿಯ ಸನದು ಬಂತು. ಮುತ್ಯಾಗೆ ಉರ್ದು ಬಾರದು. ಚೌಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ತೂಗುಹಾಕಿದ. ಔರಾದದವನು ಹೆದರಿ ಕೆಲಕಾಲ ತೆಪ್ಪಗಾದ.

ಆಮೇಲೆ ಕಾಲ ಕೆಟ್ಟಿತು. ರಜಾಕಾರರ ದಿನಗಳಲ್ಲಿ ನಮ್ಮ ಅಜ್ಜಿ ಮಕ್ಕಳನ್ನು ಕಟ್ಟಿಕೊಂಡು ಬೀದರಿನಲ್ಲಿ ಚಾಚಾನ ಮನೆಯೊಳಗೆ ಅಡಗಿದ್ದಳು. ಪೊಲೀಸ್ ಆಕ್ಷನ್ ಆಗಿ ನಿಜಾಮರ ರಾಜ್ಯ ಹೋದಮೇಲೆ, ಸೇಡಿಗೆ ಹೊರಟ ಗುಂಪುಗಳಿಗೆ ಹೆದರಿ, ಚಾಚಾ ಭಾಲ್ಕಿಗೆ ಬಂದು ನಮ್ಮ ಮನೆಯೊಳಗೆ ಅಡಗಿದ. ಅಂಗಡಿಯ ಹಿಂದಿನ ಖೋಲಿ, ಮಂಜನ್ ಚೀಲಗಳ ಮರೆ. ಸೀನು ಬಂದರೆ ಬಾಯಿಗೆ ರುಮಾಲು ತುರುಕಿಕೊಳ್ಳುತ್ತಿದ್ದ.

ಮನೆಮನೆಯ ಆಯುಧಗಳನ್ನು ಒಪ್ಪಿಸಬೇಕೆಂದು ಡಂಗುರ ಹೊಡೆಸಿದ್ದರು. ಒಂದು ದಿನ ಫೌಜಿನ ಅಫ್ಸರನೊಬ್ಬ ಅಂಗಡಿ ಮುಂದೆ ನಿಂತ. ಪಂಜಾಬದ ಕಡೆಯವನು, ಉರ್ದು ಬಲ್ಲವನು. ಗೋಡೆಯ ಮೇಲಿನ ಸನದನ್ನು ಓದಿದ.

"ತಲವಾರ್ ಎಲ್ಲಿ?"

"ಯಾವ ತಲವಾರ್ ಸಾಹೇಬ್ರ?"

"ಸರ್ಕಾರಿ ಮೊಹರು ಹಾಕಿಸಿ ಗೋಡೆಗೆ ಹಚ್ಚಿದ್ದೀಯ. ಎರಡು ಕೈಯಿಂದ ಹಿಡಿಯುವ ಬಿಚ್ಚುಗತ್ತಿ ಅಂತ ಬರೆದಿದೆ. ತೆಗಿ."

ಸಿಪಾಯಿಗಳು ಒಳಗೆ ನುಗ್ಗಲು ಸಿದ್ಧ. ಒಳಗೆ ಚಾಚಾ. ಮುತ್ಯಾ ಅಡ್ಡ ನಿಂತು ಒಂದು ಡಬ್ಬಿ ಚಾಚಿದ. "ಇದೇ ರೀ ನಮ್ಮ ಕತ್ತಿ. ಬ್ಯಾರೆ ಏನಿಲ್ಲ."

ಅಫ್ಸರ ಡಬ್ಬಿ ನೋಡಿದ. ಸಿಪಾಯಿಗಳಿಗೂ ತೋರಿಸಿದ. "ಇದು ತಲವಾರ್ ಅಲ್ಲ. ಇದು ಗಧಾ, ಕತ್ತೆ."

ಹಿಂದಿನ ಖೋಲಿಯಲ್ಲಿ ಚೀಲಗಳು ಸರಿದವು. ತಲೆಯಿಂದ ಕಾಲಿನವರೆಗೆ ಕರೀ ಮಂಜನ್ ಮೆತ್ತಿಕೊಂಡ ಮನುಷ್ಯನೊಬ್ಬ ಹೊರಗೆ ಬಂದು ನಿಂತ.

"ಮಾಫ್ ಕರೋ ಸಾಬ್," ಅಂದ ಚಾಚಾ. "ಘೋಡಾ ಹೈ."

ಅಫ್ಸರ ನಗು ತಡೆಯಲಾರದೆ ಗಲ್ಲಾ ಹಿಡಿದುಕೊಂಡ. ಹೋಗುವಾಗ ಅಂಗಡಿಯ ಬಾಗಿಲಿಗೆ ಒಬ್ಬ ಸಿಪಾಯಿಯನ್ನು ಕಾವಲಿಟ್ಟು ಹೋದ. ಜೀವಕ್ಕೆ ಹೆದರಿ ಅಡಗಿದವನು ಚಿತ್ರಕ್ಕಾಗಿ ಹೊರಗೆ ಬಂದನಲ್ಲ, ಇಂಥವನನ್ನು ಕಾಯಲೇಬೇಕು ಅಂದನಂತೆ.

ಸವಾರ

ಸನದಿನಲ್ಲಿ ತಲವಾರ್ ಇದೆ ಅನ್ನುವ ಸುದ್ದಿ ಔರಾದಕ್ಕೆ ನಮ್ಮ ಮಂಜನಿಗಿಂತ ಮೊದಲು ಹೋಗಿ ಮುಟ್ಟಿತು. ಇಟ್ಟಂಗಿ ಪುಡಿ ಮತ್ತೆ ಶುರು. ಹೊಸ ಸರ್ಕಾರದಲ್ಲಿ ಹಳೆಯ ಮಾರ್ಕಾಗಳನ್ನು ಮತ್ತೆ ತೋರಿಸಿ ಖಾಯಂ ಮಾಡಿಸಬೇಕಾಗಿ ಬಂದಾಗ ಆ ವ್ಯಾಪಾರಿ ತಕರಾರು ಹಾಕಿ ತಾನೂ ಹೈದರಾಬಾದಿಗೆ ಬಂದ. ಈ ಕಡೆ ಮುತ್ಯಾ ಮತ್ತು ಚಾಚಾ. ಮೂಲೆಯಲ್ಲಿ ಅದೇ ಮುನ್ಷಿ. ಸಾಹೇಬರ ಮೇಜಿನ ಮೇಲೆ ಎರಡು ಡಬ್ಬಿ.

ಮುನ್ಷಿ ಬಗ್ಗಿ ನೋಡಿ, "ಓಹೋ, ಅದಕ್ಕೇ ಒದೆಯುತ್ತಿತ್ತು" ಅಂದರು.

ಔರಾದದವನು ಕೈಮುಗಿದ. "ಸಾಹೇಬ್ರ, ಅವ್ರ ಸನದು ತಲವಾರದ್ದು. ಈ ಚಿತ್ರ ಕತ್ತಿದು. ಕತ್ತಿ ಊರ ತುಂಬ ಅವ, ಯಾರ ಅಪ್ಪನ ಆಸ್ತೀನೂ ಅಲ್ಲ. ನಾ ನಮ್ಮ ಊರ ಕತ್ತಿ ನೋಡಿ ಬರ್ಸೀನಿ."

ಮಾತು ಸರಿಯಾಗಿಯೇ ಇತ್ತು. ಆಗ ಚಾಚಾ ಎದ್ದ.

"ಸಾಬ್, ಇವ್ರದು ಕತ್ತಿ ಅಂತ ಇವ್ರೇ ಹೇಳ್ಯಾರ. ನಂದು ಕುದುರಿ, ಅದಕ ಜೀನ್ ಹಾಕೀನಿ. ಇವ್ರ ಕತ್ತಿ ಮ್ಯಾಲಿ ನನ್ನ ಜೀನ್ ಹ್ಯಾಂಗ ಬಂತು?"

ಸಾಹೇಬರು ಕನ್ನಡಕ ಏರಿಸಿದರು. ಹೌದು. ಝೂಲು, ಕುಚ್ಚು, ರಿಕಾಬು, ಒಂದೂ ಬಿಡದೆ ಎಲ್ಲ ಇಳಿದು ಬಂದಿತ್ತು, ಮಾರಿ ಮಾತ್ರ ಬಲಕ್ಕೆ. ವ್ಯಾಪಾರಿ ತನ್ನ ಡಬ್ಬಿಯನ್ನು ಆಚೆ ತಿರುಗಿಸಿಟ್ಟ.

"ನಮ್ಮ ಔರಾದದಾಗ ಕತ್ತೀಗೂ ಜೀನ್ ಹಾಕ್ತಾರ್ರಿ."

"ಹಾಕಿ? ಯಾರು ಹತ್ತುತ್ತಾರೆ?" ಅಂದರು ಸಾಹೇಬರು.

ಅವನಿಗೆ ಬೇರೆ ಹೆಸರು ಹೊಳೆಯಲಿಲ್ಲ. "ನಾನೇ ಹತ್ತತೀನ್ರಿ."

ಕತ್ತೆಯ ಮೇಲೆ ಯಾರನ್ನು ಕೂರಿಸಿ ಊರು ಸುತ್ತಿಸುತ್ತಾರೆ ಅನ್ನುವುದು ಹೈದರಾಬಾದಿನಲ್ಲೂ ಗೊತ್ತಿತ್ತು. ಬಾಗಿಲ ಜವಾನನೂ ನಕ್ಕ. ವ್ಯಾಪಾರಿ ತನ್ನ ತಕರಾರನ್ನೂ ಡಬ್ಬಿಯನ್ನೂ ತಾನೇ ಎತ್ತಿಕೊಂಡು ನಡೆದ.

ಹೊಸ ಸನದು ಬರೆಸುವಾಗ "ಘೋಡಾ ಅಂತ ಬರೀರಿ ಸಾಬ್" ಎಂದು ಚಾಚಾ ಅಂಗಲಾಚಿದ. ಸಾಹೇಬರು ಡಬ್ಬಿಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು, ನಿಟ್ಟುಸಿರು ಬಿಟ್ಟು "ಜೀನು ಸಹಿತ ಪ್ರಾಣಿ" ಅಂತ ಬರೆಸಿದರು.

ಮುತ್ಯಾ ಗೆದ್ದು ಬಂದು ಅಂಗಡಿ ತೆರೆದ. ಮೊದಲು ಬಂದವಳು ಖಟಕ ಚಿಂಚೋಳಿಯ ಅದೇ ಹೆಣ್ಣುಮಗಳು.

"ಏನಾಯ್ತ್ರಿ ಸಾವ್ಕಾರ್ರ, ಮಾರ್ಕಾದ್ದು?"

"ಗೆದ್ದೀವವ್ವ. ಕತ್ತಿ ಅಲ್ಲ ಅಂತ ಸರ್ಕಾರನೇ ಒಪ್ಪಿತು."

"ಚಲೋ ಆಯ್ತು ಬಿಡ್ರಿ. ಹಂಗಾದ್ರ ಒಂದು ಕತ್ತಿ ಕೊಡ್ರಿ."

ಅತ್ತಿಯ ಸಾಲಿ ತಪ್ಪಲಿಲ್ಲ, ಮುಂದೆ ಅವಳೇ ಸಾಲಿಯಲ್ಲಿ ಕಲಿಸುವ ಅಕ್ಕೋರು ಆದಳು. ಚಾಚಾ ಕೊನೆಯವರೆಗೂ ಅವಳಿಗೆ ಒಂದೇ ಮಾತು ಹೇಳುತ್ತಿದ್ದನಂತೆ, ಅದನ್ನು ಅವಳು ನನಗೆ ದಾಟಿಸಿದಳು, ನಾನು ನಿಮಗೆ. ಇದನ್ನು ಯಾರಿಗಾದರೂ ಹೇಳಿರಿ. ಹೇಳುವಾಗ ದಯವಿಟ್ಟು ಅದು ಕುದುರೆ ಅಂತಲೇ ಹೇಳಿರಿ.